ಬಾಳವ್ವ ಫಿಲ್ಮ್ಸ್, ಮೂಡಲಗಿ

"ಇವತ್ತ ಎಷ್ಟ ಮಂದಿ?"

ಬೆಳಗಾದರೆ ದ್ರಾಕ್ಷಾಯಿಣಿ ಗಂಡನಿಗೆ ಕೇಳುತ್ತಿದ್ದ ಮೊದಲ ಮಾತು ಇದು. ಚಹಾ ಆಯಿತಾ, ನಿದ್ದೆ ಬಂತಾ ಅನ್ನುವುದೆಲ್ಲ ಆಮೇಲೆ. ಮಂದಿ ಎಷ್ಟೆಂದು ಗೊತ್ತಾದರೆ ಜೋಳದ ಹಿಟ್ಟು ಎಷ್ಟು ತೆಗೆಯಬೇಕೆಂದು ಗೊತ್ತಾಗುತ್ತಿತ್ತು.

"ಹದಿನೆಂಟ," ಎಂದ ಮಹಾಂತೇಶ, ಕ್ಯಾಮೆರಾದ ಗಾಜು ಒರೆಸುತ್ತ.

"ಮನಿಯವರನ್ನ ಹಿಡದೋ, ಬಿಟ್ಟೋ?"

"ಬಿಟ್ಟ."

"ಹಂಗಾದ್ರ ಇಪ್ಪತ್ತೆರಡ ಅನ್ರಿ. ನಾವೇನ ಗಾಳಿ ಕುಡದ ಬದಕತೇವೇನ?"

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಬಾಳವ್ವ ನಕ್ಕಳು. "ಮಾಂತ್ಯಾ, ಈ ಮಾತ ಬರಕೊ. ನಾಳಿನ ವಿಡಿಯೋದಾಗ ಬರ್ತೈತಿ."

ಆ ಮನೆಯಲ್ಲಿ ಜಗಳ ಕೂಡ ದಂಡವಾಗುತ್ತಿರಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಆಡಿದ ಮಾತು ಸಂಜೆಗೆ ಕ್ಯಾಮೆರಾದ ಮುಂದೆ ಬರುತ್ತಿತ್ತು. ಎಲ್ಲ ಶುರುವಾದದ್ದೇ ಒಂದು ಜಗಳದಿಂದ. ಮಹಾಂತೇಶ ಮೊದಲು ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಲಾಕ್‌ಡೌನ್ ಬಂದು ಮದುವೆಗಳು ನಿಂತಾಗ ಕ್ಯಾಮೆರಾ ಗೂಟಕ್ಕೆ ನೇತು ಬಿತ್ತು. ಒಂದು ಮಧ್ಯಾಹ್ನ ಝುಣಕದಲ್ಲಿ ಉಪ್ಪು ಹೆಚ್ಚಾಯಿತೆಂದು ಬಾಳವ್ವ ಸೊಸೆಗೆ ಮಂಗಳಾರತಿ ಎತ್ತುತ್ತಿದ್ದಾಗ, ಅವನು ಬಾಗಿಲ ಸಂದಿಯಿಂದ ನಾಲ್ಕು ನಿಮಿಷ ತೆಗೆದ. ಅವ್ವನಿಗೆ ತೋರಿಸಿದ. "ಅಯ್ಯ, ನಾ ಇಷ್ಟ ಛಲೋ ಬೈತೇನೇನ?" ಎಂದು ಬಾಳವ್ವ ಇನ್ನೊಮ್ಮೆ ನೋಡಿದಳು. ಮೊಬೈಲಿಗೆ ಬಿಟ್ಟ ಮೇಲೆ ಗೋಕಾಕದಿಂದ ಹುಕ್ಕೇರಿಯವರೆಗೆ, ಆಚೆ ಸೊಲ್ಲಾಪುರದವರೆಗೆ ಮಂದಿ ನೋಡಿ ನಕ್ಕರು. ಎಲ್ಲರ ಮನೆಯಲ್ಲೂ ಝುಣಕ ಇತ್ತು, ಅತ್ತೆ ಇದ್ದಳು.

ಆಮೇಲೆ ವಾರಕ್ಕೊಂದು. ಹಿತ್ತಿಲಿನ ಎಮ್ಮೆಯ ಕೊಟ್ಟಿಗೆ ಸ್ಟುಡಿಯೋ ಆಯಿತು. ಎರಡು ಎಮ್ಮೆ ಮಾರಿ ಗೋಡೆಗೆ ಗಿಲಾವು ಮಾಡಿಸಿದರು, ದೀಪ ತಂದರು, ಕೊಲ್ಲಾಪುರದಿಂದ ಹಳೆಯ ಕ್ಯಾಮೆರಾ ಇನ್ನೊಂದು ಬಂತು. ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡು ಏರಿತು: ಬಾಳವ್ವ ಫಿಲ್ಮ್ಸ್, ಮೂಡಲಗಿ. ಗೋಕಾಕದ ಟೇಲರ್ ಗುಡ್ಡಪ್ಪ ಹಾಸ್ಯದ ಪಾತ್ರಕ್ಕೆ ಬಂದ. ಹುಕ್ಕೇರಿಯಿಂದ ನಿವೃತ್ತ ಕಂಡಕ್ಟರರೊಬ್ಬರು ಬಸ್ಸು ಹತ್ತಿ ಬಂದು ಮಾವನ ಪಾತ್ರ ಮಾಡಿ ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಪಗಾರ ಯಾರಿಗೂ ಇರಲಿಲ್ಲ, ಊಟ ಇತ್ತು. ದ್ರಾಕ್ಷಾಯಿಣಿಯ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಹಿಂಡಿ. ಅದಕ್ಕೇ ಅರ್ಧ ಮಂದಿ ಬರುತ್ತಿದ್ದರೆಂದು ಓಣಿಯವರಿಗೆ ಈಗಲೂ ಗುಮಾನಿ.

ಬಾಳವ್ವನಿಗೆ ಓದು ಬರುತ್ತಿರಲಿಲ್ಲ. ಮಗ ಸನ್ನಿವೇಶ ಹೇಳುತ್ತಿದ್ದ, ಇವಳು ಮನೆಯಲ್ಲಿ ಏನನ್ನುತ್ತಿದ್ದಳೋ ಅದನ್ನೇ ಅನ್ನುತ್ತಿದ್ದಳು. ಅಳುವ ಪಾತ್ರ ಬಂದರಂತೂ ಕೇಳುವುದೇ ಬೇಡ. ಹಾಡಾಡಿಕೊಂಡು ಅಳುತ್ತಿದ್ದರೆ ಕ್ಯಾಮೆರಾ ಹಿಡಿದವನ ಕಣ್ಣೂ ತೇವ. ಘಟಪ್ರಭಾ ಸ್ಟೇಷನ್ನಿನಲ್ಲಿ ಹೆಂಗಸರು ಗುರುತು ಹಿಡಿದು ಸೆಲ್ಫಿ ತೆಗೆಸಿಕೊಂಡರು. ಸಂಕೇಶ್ವರದ ಬಟ್ಟೆ ಅಂಗಡಿಯವನು ಕುರ್ಚಿ ಹಾಕಿ ಚಹಾ ತರಿಸಿದ. ಅರವತ್ತಾರರ ವಯಸ್ಸಿನಲ್ಲಿ ಅವಳಿಗೆ ಅದು ಬಹಳ ಸುಖ ಕೊಟ್ಟಿತು. ಅದರಲ್ಲಿ ಮುಚ್ಚಿಡುವುದೇನಿದೆ?

ಶೂಟಿಂಗಿನ ಕಾನೂನು ಒಂದೇ. ಮಹಾಂತೇಶ ಕೈಯೆತ್ತಿ ಅಂಗೈ ತೋರಿಸಿದನೆಂದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ದ್ರಾಕ್ಷಾಯಿಣಿ ಕುಕ್ಕರನ್ನು ಒಲೆಯಿಂದ ಇಳಿಸುತ್ತಿದ್ದಳು. ಹತ್ತನೆಯ ಇಯತ್ತೆಯ ಮಗಳು ಐಶ್ವರ್ಯ ಗಟ್ಟಿಯಾಗಿ ಓದುತ್ತಿದ್ದ ಪಾಠವನ್ನು ಅರ್ಧಕ್ಕೇ ನುಂಗುತ್ತಿದ್ದಳು. ಓಣಿಯ ನಾಯಿ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ.

ಮೂರು ವರ್ಷ ಹೀಗೆ ಕುಣಿದಾಡಿಕೊಂಡು ನಡೆಯಿತು. ನಂತರ ಊರಿಗೊಬ್ಬ ಬಾಳವ್ವ ಹುಟ್ಟಿಕೊಂಡಳು. ಎಲ್ಲರೂ ಅತ್ತೆ ಸೊಸೆ ಜಗಳವನ್ನೇ ತೆಗೆಯತೊಡಗಿದರು, ಇವರದನ್ನು ನೋಡುವವರು ಕಡಿಮೆಯಾದರು. ಮಹಾಂತೇಶನಿಗೆ ಅನ್ನ ಸೇರಲಿಲ್ಲ. ಎರಡು ತಾಸಿನ ದೊಡ್ಡ ಸಿನಿಮಾ ತೆಗೆದೇ ಸೈ ಎಂದು ಹಟ ಹಿಡಿದ. ಕಥೆ ಅವನ ಬಳಿ ತಯಾರಿತ್ತು. ಅದನ್ನು ಊಟದ ಮುಂದೆ ಹೇಳಿದ. ಅಣ್ಣ ತಂಗಿ ಮುನಿಸಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ತಂಗಿ ಸಾಯುತ್ತಾಳೆ. ತವರಿನಿಂದ ಸತ್ತವಳಿಗೆ ಸೀರೆ ತರಬೇಕಾದ ಅಣ್ಣ ಬರುತ್ತಾನೋ ಇಲ್ಲವೋ?

ಬಾಳವ್ವ ತುತ್ತು ತಟ್ಟೆಯಲ್ಲೇ ಬಿಟ್ಟಳು. "ಇದು ನನ್ನ ಕಥಿ."

"ಹೆಸರ ಬ್ಯಾರೆ ಇಡತೇನವ್ವಾ."

"ಹೆಸರ ಬ್ಯಾರೆ ಇಟ್ರ ಅಣ್ಣ ಬ್ಯಾರೆ ಆಗತಾನೇನ?"

ಮೇಲವಂಕಿಯ ಕೆಂಚಪ್ಪ ಬಾಳವ್ವನ ಒಬ್ಬನೇ ಅಣ್ಣ. ತನ್ನ ಮಗಳನ್ನು ಮಹಾಂತೇಶನಿಗೆ ಕೊಡುವುದೆಂದು ಅವನು ತೊಟ್ಟಿಲಲ್ಲೇ ಮಾತಾಡಿಟ್ಟಿದ್ದ. ಮಹಾಂತೇಶ ಹುಕ್ಕೇರಿಯ ದ್ರಾಕ್ಷಾಯಿಣಿಯನ್ನು ಮೆಚ್ಚಿ ಮದುವೆಯಾದ. ಅಂದಿನಿಂದ ಕೆಂಚಪ್ಪ ತಂಗಿಯ ಹೊಸ್ತಿಲು ತುಳಿಯಲಿಲ್ಲ, ನಾಗರಪಂಚಮಿಗೆ ಅವಳನ್ನು ತವರಿಗೆ ಕರೆಯಲು ಬರಲಿಲ್ಲ. ಹದಿನೇಳು ಪಂಚಮಿ ಹಾಗೇ ಹೋದವು. ಪ್ರತಿ ಪಂಚಮಿಗೂ ಬಾಳವ್ವ ಓಣಿಯ ಹೆಂಗಸರ ಮುಂದೆ ಮೊಣಕಾಲು ನೋವು, ಬಸ್ಸಿನಲ್ಲಿ ಹೋಗಲಾಗುವುದಿಲ್ಲ ಎನ್ನುತ್ತಿದ್ದಳು. ಮೊಣಕಾಲು ನೆಟ್ಟಗೇ ಇತ್ತು. ಆ ದಿನ ದ್ರಾಕ್ಷಾಯಿಣಿ ಅತ್ತೆಯ ಮುಖ ನೋಡದೆ ಉಂಡಿ ಕಟ್ಟುತ್ತಿದ್ದಳು. ಎಲ್ಲ ತನ್ನಿಂದಲೇ ಆದದ್ದೆಂದು ಅವಳ ಎಣಿಕೆ.

"ಕಡಿಗೆ ಅಣ್ಣ ಬರಬೇಕ," ಎಂದಳು ಬಾಳವ್ವ. "ಬರೂದಾದ್ರ ಮಾಡ್ತೇನಿ. ಸಿನಿಮಾದಾಗರೆ ಬರ್ಲಿ."

"ಬರ್ತಾನವ್ವಾ."

ಕಾರಹುಣ್ಣಿಮೆ ಮುಗಿದ ವಾರ ಸಾವಿನ ಸನ್ನಿವೇಶ ತೆಗೆದರು. ಬಾಳವ್ವನ ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಗೋಡೆಗೆ ಆನಿಸಿ ಕೂರಿಸಿದರು. ಮುಂದೆ ಭಜನೆ. ಸಾವು ಖರೇ ಕಾಣಬೇಕೆಂದು ಮಹಾಂತೇಶ ಗೋಕಾಕದಲ್ಲಿ ಶ್ರದ್ಧಾಂಜಲಿ ಬ್ಯಾನರ್ ಮಾಡಿಸಿದ್ದ. ಬಾಳವ್ವನ ನಗುಮುಖದ ಫೋಟೋ, ಅಂದಿನ ತಾರೀಖು, ಕೆಳಗೆ "ದುಃಖತಪ್ತ ಕುಟುಂಬ ವರ್ಗ". ಅವಳದು ಸಿನಿಮಾದ ಹೆಸರಲ್ಲ, ಸ್ವಂತ ಹೆಸರೇ ಬಿದ್ದಿತ್ತು. ಅಂಗಡಿಯವನಿಗೆ ಬಾಳವ್ವ ಗೊತ್ತಿದ್ದಳು, ಹಾಗೇ ಹೊಡೆದು ಕೊಟ್ಟಿದ್ದ. ದೂರದಿಂದ ತೆಗೆದರೆ ಓದಲು ಬರುವುದಿಲ್ಲ ಬಿಡು ಎಂದು ಗುಡ್ಡಪ್ಪ ಅದನ್ನು ರಸ್ತೆಯ ಕಡೆಯ ಗೋಡೆಗೆ ಕಟ್ಟಿದ.

ಸತ್ತ ಪಾತ್ರ ಮಾಡಿದರೆ ಎದ್ದ ಕೂಡಲೇ ಬಾಯಿ ಸಿಹಿ ಮಾಡಬೇಕೆಂದು ಬಾಳವ್ವ ಮೊದಲೇ ಹೇಳಿದ್ದಳು. ದ್ರಾಕ್ಷಾಯಿಣಿ ಬೆಳಿಗ್ಗೆಯಿಂದ ಹೋಳಿಗೆ ಮಾಡಿಟ್ಟಿದ್ದಳು. ಕಡೆಯ ದೃಶ್ಯ ಮುಗಿದು "ಬರ್ರಿ, ಹೋಳಿಗಿ ಆರತಾವು" ಎಂದು ಅವಳು ಕೂಗಿದ್ದೇ ತಡ, ಹಾರ ಹಾಕಿಕೊಂಡವಳು, ಭಜನೆಯವರು, ಗುಡ್ಡಪ್ಪ, ಎಲ್ಲರೂ ಒಳಗೆ ಓಡಿದರು. ತುಪ್ಪ ಸುರಿಸಿಕೊಂಡು ಉಂಡರು. ಬ್ಯಾನರ್ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ರಸ್ತೆಯಲ್ಲಿ ಹೋಗುವ ಯಾರೋ ಅದರ ಫೋಟೋ ತೆಗೆದರು. ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತ ಹೋಯಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಾಳವ್ವ ಅಂಗಳದಲ್ಲಿ ಕೂತು ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು. ಸಿನಿಮಾಕ್ಕೆ ಅದೂ ಬೇಕೆಂದು ಮಹಾಂತೇಶ ಕ್ಯಾಮೆರಾ ಇಟ್ಟು ತೆಗೆಯುತ್ತಿದ್ದ. ಬೇಲಿಯಾಚೆ ರಿಕ್ಷಾ ನಿಂತಿತು. ತಲೆಗೆ ಬಿಳಿಯ ಪಟಗ ಸುತ್ತಿದ ಮುದುಕನೊಬ್ಬ ಇಳಿದ. ಕಂಕುಳಲ್ಲಿ ಬಟ್ಟೆ ಅಂಗಡಿಯ ಚೀಲ. ಗೋಡೆಯ ಮೇಲಿನ ಬ್ಯಾನರ್ ನೋಡಿ ಅಲ್ಲೇ ಬಾಯಿ ತೆರೆದು ಅತ್ತ. ಅಳುತ್ತಲೇ ಒಳಗೆ ಬಂದ.

"ತಂಗೀ, ಹದಿನೇಳ ಪಂಚಮಿ ಕರೀಲಿಲ್ಲೋ ನಿನ್ನ! ಯಾರ ಮ್ಯಾಲಿನ ಸಿಟ್ಟ ಯಾರ ಮ್ಯಾಲ ತೀರಸಿದೆ! ಸೀರಿ ತಂದೇನಿ, ಏಳವ್ವ, ಉಟಗೊಳ್ಳವ್ವ, ನಮ್ಮವ್ವನ ಹಂಗ ಕಾಣತಿದ್ದೆಲ್ಲವ್ವಾ..."

ಅವನಿಗೆ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೊರ ಹಿಡಿದು ಕೂತವಳ ಮುಂದೆಯೇ ಮಂಡಿಯೂರಿ ಹಣೆ ಚಚ್ಚಿಕೊಂಡ. ಪಟಗ ಉರುಳಿ ಬಿತ್ತು. ಒಳಗಿನಿಂದ ದ್ರಾಕ್ಷಾಯಿಣಿ ನೀರಿನ ತಂಬಿಗೆ ಹಿಡಿದು ಓಡಿ ಬಂದಳು. ಮಹಾಂತೇಶ ಕೈಯೆತ್ತಿ ಅಂಗೈ ತೋರಿಸಿದ. ಅವಳು ನಿಂತಳು.

ಮೂರು ವರ್ಷದ ರೂಢಿ, ಕಾಲು ತಾವೇ ನಿಂತವು. ಆಮೇಲೆ ಎಷ್ಟೋ ದಿನ ಅವಳು ತನ್ನನ್ನು ತಾನೇ ಬೈದುಕೊಂಡಳು.

"ಅಣ್ಣಾ," ಎಂದಳು ಬಾಳವ್ವ. "ಅಣ್ಣಾ, ನಾ ಜೀಂವಂತ ಅದೇನಿ."

ಕೆಂಚಪ್ಪ ತಲೆಯೆತ್ತಿ ನೋಡಿದ. ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದ. ಬಾಳವ್ವ ಮೊರ ಒಗೆದು ಅವನ ಕೈ ಹಿಡಿದಳು. ಅವನು ಅವಳ ಕೆನ್ನೆ, ಭುಜ, ಕೈಬಳೆ ಮುಟ್ಟಿ ಮುಟ್ಟಿ ನೋಡಿ ಮತ್ತೆ ಅತ್ತ, ಅಳುತ್ತಲೇ ನಕ್ಕ. ಅಷ್ಟೂ ಕ್ಯಾಮೆರಾದಲ್ಲಿ ಬಂತು.

ಆ ದಿನ ಮಧ್ಯಾಹ್ನದವರೆಗೆ ಬೀಗರು, ಬಿಜ್ಜರು ಸತ್ತ ಮನೆಗೆಂದು ರೊಟ್ಟಿಯ ಬುತ್ತಿ ಹೊತ್ತು ಬರುತ್ತಲೇ ಇದ್ದರು. ಬಾಳವ್ವನೇ ಬಾಗಿಲಲ್ಲಿ ನಿಂತು ಬುತ್ತಿ ಇಳಿಸಿಕೊಂಡಳು. ಕೆಲವರು ಬೈದರು, ಕೆಲವರು ನಕ್ಕರು, ಎಲ್ಲರೂ ಉಂಡು ಹೋದರು. ಕೆಂಚಪ್ಪ ಹದಿನೇಳು ವರ್ಷದ ಮೇಲೆ ಆ ಮನೆಯಲ್ಲಿ ಊಟಕ್ಕೆ ಕೂತ. ದ್ರಾಕ್ಷಾಯಿಣಿ ಮುಖ ತಗ್ಗಿಸಿ ದೂರದಿಂದಲೇ ಬಡಿಸುವುದನ್ನು ನೋಡಿ, "ಹೆದರಬ್ಯಾಡವ್ವ, ನಿಂದೇನ ತಪ್ಪ? ಇನ್ನೊಂದ ರೊಟ್ಟಿ ಹಾಕ," ಎಂದ. ಅವಳು ಒಳಗೆ ಹೋಗಿ ಅತ್ತು ಬಂದಳು.

ಹೊರಡುವಾಗ ಸೀರೆಯ ಚೀಲ ಕೈಯಲ್ಲಿ ಹಿಡಿದು ಅನುಮಾನಿಸಿದ. "ಸತ್ತವರಿಗಂತ ತಂದ ಸೀರಿ. ತಿರಗಿ ಒಯ್ಯೂದೂ ಅಲ್ಲ, ಕೊಡೂದೂ ಅಲ್ಲ."

"ಕೊಡ ಇಲ್ಲೆ," ಎಂದು ಬಾಳವ್ವ ಕಸಿದುಕೊಂಡಳು. ನೀಲಿ ಇಳಕಲ್ ಸೀರೆ, ಕೆಂಪು ಸೆರಗು. "ಜೀಂವಂತ ಉಡತೇನಿ. ಪಂಚಮಿಗೆ ಕರಿಯಾಕ ಬಾ. ಇದನ್ನ ಉಟಗೊಂಡ ಬರ್ತೇನಿ."

"ಬಂದೆ ಅಂತ ತಿಳಕೊ."

ಮಹಾಂತೇಶ ಕೆಟ್ಟವನಲ್ಲ. ಮಾವನನ್ನು ತಾನೇ ಬೈಕಿನಲ್ಲಿ ಕೂರಿಸಿಕೊಂಡು ಮೇಲವಂಕಿಗೆ ಬಿಟ್ಟು ಬಂದ. ಬಂದು ತೆಗೆದದ್ದನ್ನು ನೋಡಿದ. ಮೂರು ವರ್ಷದಲ್ಲಿ ತಾನು ತೆಗೆದ ಯಾವುದೂ ಅದರ ಕಾಲಿನ ಧೂಳಿಗೂ ಸಮವಿಲ್ಲವೆಂದು ಅವನಿಗೆ ಗೊತ್ತಾಯಿತು. ದೊಡ್ಡ ಸಿನಿಮಾ ಅರ್ಧಕ್ಕೆ ನಿಂತಿತ್ತು, ಗುಡ್ಡಪ್ಪ ಮುಂದೇನು ಎಂದು ದಿನಾ ಕೇಳುತ್ತಿದ್ದ. ನಾಲ್ಕನೆಯ ದಿನ ಯಾರಿಗೂ ಹೇಳದೆ, ಏಳು ನಿಮಿಷಕ್ಕೆ ಕತ್ತರಿಸಿ, ಕೆಂಚಪ್ಪ ಹಿಂದಕ್ಕೆ ಬೀಳುವಲ್ಲಿ ನಗುವಿನ ಸಂಗೀತ ಹಾಕಿ ಬಿಟ್ಟ. ಹೆಸರು: "ಸತ್ತ ತಂಗಿ ಶೇಂಗಾ ಆರಸಾಕತ್ತಾಳ".

ಅದು ಹೋದ ವೇಗಕ್ಕೆ ಅವನೇ ಬೆರಗಾದ. ಕರ್ನಾಟಕವೆಲ್ಲ ನೋಡಿತು. ಮತ್ತೆ ಸ್ಟುಡಿಯೋ ತುಂಬಿತು. ದ್ರಾಕ್ಷಾಯಿಣಿ ಒಂದು ದಿನ ಮೂವತ್ತು ಮಂದಿಗೆ ರೊಟ್ಟಿ ಬಡಿದಳು. ಧುಪದಾಳದ ಒಡ್ಡಿನ ಮೇಲೆ ಶೂಟಿಂಗಿಗೆ ಹೋದರೆ ಜಾತ್ರೆಯಷ್ಟು ಜನ. ದೊಡ್ಡ ಸಿನಿಮಾ ದೀಪಾವಳಿಗೆ ಬರುತ್ತದೆಂದು ಗುಡ್ಡಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಬಾಳವ್ವ ಆ ವಿಡಿಯೋ ನೋಡಲಿಲ್ಲ. ಮೊಮ್ಮಗಳ ಬಾಯಿಂದ ಕೇಳಿದಳು.

"ಆಯಿ, ಮಾಮಾ ಅಜ್ಜನ ಅಳೂದನ್ನ ಸಾಲ್ಯಾಗ ಹುಡುಗೂರ ಮಾಡಿ ತೋರಸ್ತಾರ," ಎಂದಳು ಐಶ್ವರ್ಯ, ಚೀಲ ಇಳಿಸುತ್ತ. "ಪಟಗ ಬೀಳೂದನ್ನೂ ಮಾಡ್ತಾರ. ನಮ್ಮ ಮಾಮಾ ಅಜ್ಜ ಅಂತ ನಾ ಹೇಳಲಿಲ್ಲ."

ಆ ವಾರವೇ ಮೇಲವಂಕಿಯಿಂದ ಫೋನು ಬಂತು. ಕೆಂಚಪ್ಪನ ಮಗ ಶೆಟ್ಟೆಪ್ಪ.

"ಅತ್ತೀ, ಅಪ್ಪ ಹೊರಗ ಹೋಗೂದ ಬಿಟ್ಟಾನ್ರಿ. ಬಸ್‌ಸ್ಟ್ಯಾಂಡಿನ ಚಹಾದ ಅಂಗಡ್ಯಾಗ ಹರೇದ ಹುಡುಗರು 'ತಂಗೀ' ಅಂತ ಚೀರಿ ನಗತಾರ. ಹೊಲಕ್ಕ ಹೋಗಾಕ ಊರ ಹಿಂದಿನ ದಾರಿ ಹಿಡೀತಾನ."

"ಅಣ್ಣಗ ಕೊಡಪಾ ಫೋನ."

ಕೆಂಚಪ್ಪ ಫೋನು ಹಿಡಿದ. "ತಂಗೀ, ಎಪ್ಪತ್ತೆರಡ ವರ್ಸ ಈ ಊರಾಗ ಪಟಗ ಸುತ್ತಿ ತಿರಗೇನಿ. ಯಾರ ಮುಂದೂ ಅತ್ತಾಂವಲ್ಲ. ನೀ ಸತ್ತಿ ಅಂತ ಅತ್ತೆ."

"ಗೊತ್ತೈತಿ ಅಣ್ಣಾ."

"ಅದೊಂದ ತಗಸವ್ವ. ನಾ ಪಂಚಮಿಗೆ ಬರ್ತೇನಿ. ಅದು ಇರೂಮಟ ನನ್ನ ಕಾಲ ಆ ಅಂಗಳಕ್ಕ ಏಳೂದಿಲ್ಲ."

"ತಗಸ್ತೇನಿ. ಮಾತ ಕೊಟ್ಟೆ."

ಅಂದು ಊಟಕ್ಕೆ ಕೂತಾಗ ಬಾಳವ್ವ ಮಗನಿಗೆ ಹೇಳಿದಳು. "ಮಾಂತೇಶ, ಆ ವಿಡಿಯೋ ತಗಿ."

"ಅವ್ವಾ, ಅದೊಂದ ಈಗ ನಮ್ಮನ್ನ ಎತ್ತಿ ಹಿಡದೈತಿ. ದೊಡ್ಡ ಸಿನಿಮಾ ಬರೂಮಟ ಇರ್ಲಿ."

"ನಿನ್ನ ಸಿನಿಮಾ ಬರೂದರಾಗ ಪಂಚಮಿ ಹೋಗತೈತಿ."

"ಮಾಮಾಗ ನಾ ತಿಳಿಸಿ ಹೇಳ್ತೇನಿ. ಮಂದಿ ನಕ್ಕದ್ದೇನ ಕೆಟ್ಟಲ್ಲ, ಪ್ರೀತಿಂದ ನಗತಾರ."

"ನೀನೂ ಹೊಸ್ತಲದಾಗ ಕುಂತ ಅಳು," ಎಂದಳು ದ್ರಾಕ್ಷಾಯಿಣಿ, ಬುಟ್ಟಿಯಿಂದ ರೊಟ್ಟಿ ತೆಗೆಯುತ್ತ. ಮದುವೆಯಾದಾಗಿನಿಂದ ಗಂಡನಿಗೆ ಅವಳು ಏಕವಚನ ಆಡಿದ್ದು ಅದೇ ಮೊದಲು. "ನಾ ಕ್ಯಾಮೆರಾ ಹಿಡೀತೇನಿ. ಮಂದಿ ಪ್ರೀತಿಂದ ನಗಲಿ."

"ನೀ ನಡುವ ಬಾಯಿ ಹಾಕಬ್ಯಾಡ."

"ಹಾಕಬೇಕಿತ್ತ, ಅವತ್ತ ಹಾಕಬೇಕಿತ್ತ. ನೀರ ತಂದಾಕಿ ನಿಂತ ಬಿಟ್ಟೆ."

ಮಹಾಂತೇಶ ತಟ್ಟೆ ಸರಿಸಿ ಎದ್ದ. ಅವನ ಪಾಲಿನ ರೊಟ್ಟಿ ಹಾಗೇ ಉಳಿಯಿತು, ಯಾರೂ ಅದನ್ನು ಮುಟ್ಟಲಿಲ್ಲ.

ಹೀಗೆ ಮೂರು ವಾರ ನಡೆಯಿತು. ಬಾಳವ್ವ ದಿನಾ ಕೇಳಿದಳು, ಮಗ ದಿನಾ ಮುಂದಿನ ವಾರ ಎಂದ. ಪಂಚಮಿಯ ದಿನ ಅವಳು ನಸುಕಿಗೆ ಎದ್ದು ಮಿಂದು, ನೀಲಿ ಸೀರೆ ಉಟ್ಟು, ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ತುಂಬಿಕೊಂಡು ಕಟ್ಟೆಯ ಮೇಲೆ ಕೂತಳು. ವಿಡಿಯೋ ಹೋಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕೂತಳು. ಓಣಿಯ ಹುಡುಗಿಯರು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ಜೀಕುತ್ತಿದ್ದರು. ರಿಕ್ಷಾದ ಸದ್ದು ಬಂದಾಗೊಮ್ಮೆ ಬಾಳವ್ವ ಸೆರಗು ಸರಿಮಾಡಿಕೊಂಡಳು. ಮಧ್ಯಾಹ್ನ ದಾಟಿದ ಮೇಲೆ ದ್ರಾಕ್ಷಾಯಿಣಿ ಬಂದು ಕೂತಳು.

"ಒಳಗ ಬರ್ರಿ ಅತ್ತಿ. ಬಿಸಲ ಬಂತು."

"ಮೊಣಕಾಲ ನೋಯತಾವು," ಎಂದಳು ಬಾಳವ್ವ. ಸೊಸೆ ಡಬ್ಬಿ ಎತ್ತಿಕೊಂಡು ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು.

ಮರುದಿನ ಶೂಟಿಂಗಿತ್ತು. ಹದಿನಾಲ್ಕು ಮಂದಿ. ಬಾಳವ್ವ ಕ್ಯಾಮೆರಾದ ಮುಂದೆ ಬಂದು ಕೂತಳು. ಮಹಾಂತೇಶ ಅಂಗೈ ತೋರಿಸಿದ, ಮನೆಯೆಲ್ಲ ಸ್ತಬ್ಧವಾಯಿತು. ಬಾಳವ್ವ ಬಾಯಿ ತೆರೆಯಲಿಲ್ಲ.

"ಅವ್ವಾ, ಮಾತ."

ಬಾಳವ್ವ ಸೆರಗಿನ ತುದಿ ಮಡಚಿದಳು.

"ಅವ್ವಾ, ಮಂದಿ ಹುಕ್ಕೇರಿಯಿಂದ ಬಂದಾರ."

"ಉಂಡ ಹೋಗಲಿ," ಎಂದು ಎದ್ದಳು. "ದ್ರಾಕ್ಷಾ, ಎಲ್ಲಾರಿಗೂ ನೀಡ. ಇನ್ನ ಮ್ಯಾಲ ಈ ಮನ್ಯಾಗ ನಾ ಮಾತಾಡೂದ ಮನಿಯವರ ಜೋಡಿ ಅಷ್ಟ."

ಅವಳು ಹಟ ಸಡಿಲಿಸಲಿಲ್ಲ. ಮಗನೂ ಸಡಿಲಿಸಲಿಲ್ಲ. ಅವನ ಹಟವೂ ಅವಳಿಂದಲೇ ಬಂದದ್ದು, ಬೇರೆ ಎಲ್ಲಿಂದ ಬರಬೇಕು? ಅವನು ಗೋಕಾಕದ ನಾಟಕ ಕಂಪನಿಯಲ್ಲಿದ್ದ ಆಮ್ರಪಾಲಿಯನ್ನು ಕರೆತಂದ. ಪಾಪ, ಅವಳು ಚೆನ್ನಾಗಿಯೇ ಮಾಡಿದಳು. ಮಂದಿ ಮಾತ್ರ "ನಮ್ಮ ಬಾಳವ್ವ ಎಲ್ಲಿ?" ಎಂದು ಬರೆದರು. ಮೂರನೆಯ ವಿಡಿಯೋಕ್ಕೆ ಬರೆಯುವುದನ್ನೂ ಬಿಟ್ಟರು. ಹುಕ್ಕೇರಿಯ ಕಂಡಕ್ಟರರಿಗೆ ದಮ್ಮು ಹೆಚ್ಚಾಯಿತು. ಗುಡ್ಡಪ್ಪ ಒಂದು ದಿನ ಪೂರಾ ಊಟ ಮಾಡಿ, ಕೈ ಒರೆಸಿಕೊಂಡು, ಅಂಗಡಿಯಲ್ಲಿ ಹೊಲಿಯುವುದು ಬಹಳ ಉಳಿದಿದೆ ಎಂದ. ಹದಿನೈದು ದಿನದಲ್ಲಿ ಗೋಕಾಕದಲ್ಲಿ ಅವನದೇ ಹೆಸರಿನ ಫಿಲ್ಮ್ಸ್ ಶುರುವಾಯಿತು. ಮೂವತ್ತಕ್ಕೆ ಏರಿದ್ದ ರೊಟ್ಟಿಯ ಲೆಕ್ಕ ದಸರೆಗೆ ಆರಕ್ಕೆ ಇಳಿಯಿತು. ದೊಡ್ಡ ಸಿನಿಮಾದಲ್ಲಿ ಅಣ್ಣ ಬರುವ ದೃಶ್ಯವೊಂದೇ ಉಳಿದಿತ್ತು. ಅದು ಕಡೆಗೂ ಆಗಲಿಲ್ಲ.

ಸೀಗೆಹುಣ್ಣಿಮೆಯ ಮರುದಿನ ಬೆಳಿಗ್ಗೆ ಐಶ್ವರ್ಯ ಫೋನು ಹಿಡಿದು ಅಡುಗೆ ಮನೆಗೆ ಬಂದಳು. ಅವಳ ಮುಖ ನೋಡಿಯೇ ದ್ರಾಕ್ಷಾಯಿಣಿ ಒಲೆ ಆರಿಸಿದಳು.

"ಆಯಿ, ಮಾಮಾ ಅಜ್ಜ..." ಎಂದು ಅವಳು ಫೋನು ಮುಂದೆ ಹಿಡಿದಳು. ಕೆಂಚಪ್ಪನ ಫೋಟೋ, ತಾರೀಖು, ಶ್ರದ್ಧಾಂಜಲಿ.

ಬಾಳವ್ವ ಫೋನನ್ನು ಹತ್ತಿರ ಹಿಡಿದು ನೋಡಿದಳು. "ಯಾರರೆ ಸಿನಿಮಾಕ್ಕ ಬ್ಯಾನರ್ ಕಟ್ಟ್ಯಾರೇನ, ಕೇಳ," ಎಂದಳು.

ಯಾರೂ ಕಟ್ಟಿರಲಿಲ್ಲ. ಹೊಲಕ್ಕೆ ಊರ ಹಿಂದಿನ ದಾರಿಯಲ್ಲಿ ಹೋಗುವಾಗ ಎದೆ ಹಿಡಿದುಕೊಂಡು ಕೂತಿದ್ದ. ಆ ದಾರಿಯಲ್ಲಿ ಮಂದಿ ತಿರುಗುವುದು ಕಡಿಮೆ. ಯಾರೋ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಾಳವ್ವ ನೀಲಿ ಸೀರೆಯನ್ನೇ ಉಟ್ಟು ಹೊರಟಳು. ದ್ರಾಕ್ಷಾಯಿಣಿ ಬುತ್ತಿ ಕಟ್ಟಿಕೊಂಡಳು. ಮೇಲವಂಕಿಯ ಮನೆಯ ಬಾಗಿಲಲ್ಲಿ ಶೆಟ್ಟೆಪ್ಪ ನಿಂತಿದ್ದ. ಅತ್ತೆಯ ಕಾಲು ಮುಟ್ಟಿದ. ದ್ರಾಕ್ಷಾಯಿಣಿಗೆ "ಬರ್ರಿ ವೈನಿ" ಎಂದ. ಮಹಾಂತೇಶನ ಮುಂದೆ ಕೈ ಚಾಚಿದ.

"ಫೋನ ಇಲ್ಲೆ ಕೊಡ ಮಾಂತೇಶ."

"ತಮ್ಮಾ, ನಾ ತಗಿಯೂದಿಲ್ಲ. ಮಾಮಾನ ಆಣಿ."

"ಮಾಮಾನ ಆಣಿ ಮಾಡಬ್ಯಾಡ. ಫೋನ ಕೊಡು, ಇಲ್ಲಾ ಹೊರಗ ನಿಂದರು."

ಫೋನು ಕೊಟ್ಟ ಮೇಲೂ ಮಹಾಂತೇಶನಿಗೆ ಒಳಗೆ ಕಾಲಿಡಲಾಗಲಿಲ್ಲ. ಹುಣಸೆ ಗಿಡದ ಕೆಳಗೆ ಒಬ್ಬನೇ ನಿಂತ.

ಒಳಗೆ ಕೆಂಚಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ತಲೆಗೆ ಹೊಸ ಪಟಗ. ಬಾಳವ್ವ ಅವನ ಮುಂದೆ ಕೂತು ಕೈ ಹಿಡಿದಳು. "ಅಣ್ಣಾ, ಬಂದೇನಿ ನೋಡೋ, ನೀ ತಂದ ಸೀರಿ ಉಟಗೊಂಡ..." ಎಂದು ದನಿ ತೆಗೆದಳು. ಆಗ ಎಡಗಡೆಯಿಂದ ಪಿಸುಮಾತು ಕೇಳಿತು. "ಬಾಳವ್ವ ಅಳಾಕತ್ತಾಳ, ಬಾಳವ್ವ." ಬಾಗಿಲ ಬಳಿಯ ಹರೆಯದ ಹುಡುಗಿಯೊಬ್ಬಳು ಸೆರಗಿನ ಮರೆಯಿಂದ ಫೋನು ಎತ್ತಿ ಹಿಡಿದಿದ್ದಳು.

ಬಾಳವ್ವ ಅದನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮಣ್ಣು ಮುಗಿಯುವವರೆಗೆ ಅವಳ ಬಾಯಿಂದ ದನಿ ಬರಲಿಲ್ಲ, ಕಣ್ಣಲ್ಲಿ ಒಂದು ಹನಿ ಬರಲಿಲ್ಲ.

"ವಿಡಿಯೋದಾಗ ಅಷ್ಟ ಅಳತಿದ್ಲು," ಎಂದು ಹೆಂಗಸರು ಬಾವಿಯ ಕಟ್ಟೆಯ ಮೇಲೆ ಮಾತಾಡಿಕೊಂಡರು. "ಖರೇ ಅಣ್ಣ ಸತ್ರ ಕಲ್ಲಿನಂಗ ಕುಂತಳು ನೋಡ."

ದ್ರಾಕ್ಷಾಯಿಣಿಗೆ ಅದು ಕೇಳಿಸಿತು. ಅವಳಿಗೆ ಹೊಡೆದಾಡುವಷ್ಟು ಸಿಟ್ಟು ಬಂತು, ಆದರೆ ಸತ್ತ ಮನೆ, ಬುತ್ತಿಯ ಗಂಟು ಬಿಚ್ಚುತ್ತ ಕೂತಳು.

ಮೂರು ದಿನ ಬಾಳವ್ವ ಉಣ್ಣಲಿಲ್ಲ, ಮಜ್ಜಿಗೆ ಕುಡಿದಳು. ಮಹಾಂತೇಶ ಸ್ಟುಡಿಯೋದ ದೀಪಗಳನ್ನು ಸಂಕೇಶ್ವರದ ಮದುವೆ ಫೋಟೋದವನಿಗೆ ಕೊಟ್ಟುಬಿಟ್ಟ. ಅವನ ಕೈಕೆಳಗೇ ಕೆಲಸಕ್ಕೆ ಬರುತ್ತೇನೆಂದು ಹೇಳಿ ಬಂದ. ನಾಲ್ಕನೆಯ ದಿನ ಮಧ್ಯಾಹ್ನ ಅವ್ವನ ಮುಂದೆ ಬಂದು ಕೂತ.

"ಅವ್ವಾ, ಅದನ್ನ ತಗೀತೇನಿ. ನಿನ್ನ ಮುಂದ ತಗೀತೇನಿ, ನೋಡ."

ಬಾಳವ್ವ ಫೋನಿನ ಮೇಲೆ ಕೈಯಿಟ್ಟಳು. "ತಡಿ. ಒಮ್ಮಿ ತೋರಸ."

ಅವಳು ಅದನ್ನು ನೋಡಿದ್ದು ಅದೇ ಮೊದಲು. ಕೆಂಚಪ್ಪ ಅಳುತ್ತ ಒಳಗೆ ಬಂದ. ಪಟಗ ಉರುಳಿತು. ಹದಿನೇಳ ಪಂಚಮಿ ಕರೀಲಿಲ್ಲೋ ನಿನ್ನ. ಏಳವ್ವ, ಉಟಗೊಳ್ಳವ್ವ. ನಮ್ಮವ್ವನ ಹಂಗ ಕಾಣತಿದ್ದೆಲ್ಲವ್ವಾ. ನಗುವಿನ ಸಂಗೀತ ಬಂದಾಗ ಮಹಾಂತೇಶ ಬೆರಳಿನಿಂದ ಸದ್ದು ತಗ್ಗಿಸಿದ. ಕೆಂಚಪ್ಪ ತಂಗಿಯ ಕೆನ್ನೆ ಮುಟ್ಟಿದ, ಭುಜ ಮುಟ್ಟಿದ, ಬಳೆ ಮುಟ್ಟಿದ.

ಬಾಳವ್ವ ಅತ್ತಳು. ಮೂರು ವರ್ಷ ಕ್ಯಾಮೆರಾದ ಮುಂದೆ ಅತ್ತಂತೆ ಹಾಡಾಡಿಕೊಂಡು ಅಲ್ಲ. ಮುಖ ಸೊಟ್ಟ ಮಾಡಿಕೊಂಡು, ಮೂಗು ಸೋರಿಸಿಕೊಂಡು, ಉಸಿರು ಕಟ್ಟಿ ಕಟ್ಟಿ ಅತ್ತಳು. ಮಗನೂ ಅತ್ತ. ಅವನ ತಲೆಯ ಮೇಲೆ ಕೈಯಿಡಬೇಕೆಂದು ಅವಳಿಗೆ ಅನ್ನಿಸಿತು, ಕೈ ಎತ್ತಲಾಗಲಿಲ್ಲ.

"ಮಾಮಾನ ದನಿ ಇದೊಂದರಾಗ ಐತವ್ವಾ," ಎಂದ ಮಹಾಂತೇಶ. "ಮಂದಿಗೆ ಕಾಣದಂಗ ಮಾಡಿ ನಿನಗೊಬ್ಬಾಕಿಗೆ ಇಟಗೊಡ್ಲೇನ?"

ಅವಳು ಫೋನು ನೋಡಿದಳು. ಕೆಂಚಪ್ಪನ ಕೈ ಅವಳ ಬಳೆಯ ಮೇಲೆ ನಿಂತುಹೋಗಿತ್ತು.

"ಬ್ಯಾಡ. ಅಣ್ಣಗ ಮಾತ ಕೊಟ್ಟೇನಿ. ಪೂರಾ ತಗಿ."

ಮಹಾಂತೇಶ ಒತ್ತಿದ. ಒಂದು ಕ್ಷಣದ ಕೆಲಸ, ಹೋಯಿತು. ಬಾಳವ್ವ ಮೂಗು ಒರೆಸಿಕೊಂಡು ಖಾಲಿ ಫೋನನ್ನು ಅತ್ತಿತ್ತ ತಿರುವಿ ನೋಡಿದಳು. "ಇನ್ನ ಯಾರಿಗೂ ಕಾಣಂಗಿಲ್ಲ, ಹೌದಲ್ಲ? ಮೇಲವಂಕಿ ಹುಡುಗೂರಿಗೂ?"

ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು. ಆ ಏಳು ನಿಮಿಷವನ್ನು ಯಾರು ಯಾರೋ ತಮ್ಮದಕ್ಕೆ ಇಳಿಸಿಕೊಂಡು, ಹಾಡು ಸೇರಿಸಿ, ಕುಣಿತ ಸೇರಿಸಿ ನೂರು ಕಡೆ ಬಿಟ್ಟದ್ದು ಅವಳಿಗೆ ಗೊತ್ತಿತ್ತು. ಆ ಬೆಳಿಗ್ಗೆ ಕೂಡ ಒಂದನ್ನು ನೋಡಿದ್ದಳು.

"ಆಯಿ, ಅದು ಬ್ಯಾರೆ ಕಡೆ..."

ದ್ರಾಕ್ಷಾಯಿಣಿ ಕೈಯೆತ್ತಿ ಮಗಳಿಗೆ ಅಂಗೈ ತೋರಿಸಿದಳು. ಹುಡುಗಿ ಇದ್ದಲ್ಲೇ ನಿಂತಳು.

"ಇಲ್ರಿ ಅತ್ತಿ," ಎಂದಳು ದ್ರಾಕ್ಷಾಯಿಣಿ. "ಇನ್ನ ಯಾರಿಗೂ ಕಾಣಂಗಿಲ್ರಿ."

"ಛಲೋ ಆತ," ಎಂದಳು ಬಾಳವ್ವ. ಪಕ್ಕದಲ್ಲಿದ್ದ ನೀಲಿ ಸೀರೆಯನ್ನು ಮಡಚಿ ಸೊಸೆಯ ಕೈಗೆ ಕೊಟ್ಟಳು. "ಇದನ್ನ ಟ್ರಂಕಿನ್ಯಾಗ ತಳಕ್ಕಿಡ. ಮುಂದ ನಾ ಸತ್ತ ದಿನ ತವರಿಂದ ಸೀರಿ ತರಾಕ ಅಣ್ಣ ಇಲ್ಲ. ಅಂವ ತಂದಿಟ್ಟ ಹೋಗ್ಯಾನ."

ದ್ರಾಕ್ಷಾಯಿಣಿ ಸೀರೆಯನ್ನು ಟ್ರಂಕಿನ ತಳದಲ್ಲಿಟ್ಟಳು. ನಂತರ ಒಲೆ ಹಚ್ಚಿ ನಾಲ್ಕು ಮಂದಿಗೆ ಹಿಟ್ಟು ತೆಗೆದಳು.